ಪಕ್ಕೆಲುಬು ಬಿರುಕು ಬಿಟ್ಟರೆ ಯಾವ ಬೆಲ್ಟ್ ಒಳ್ಳೆಯದು?

ಅಪ್ಪಯ್ಯ ಅಂಗಳದ ಹಾವಸೆಯಲ್ಲಿ ಜಾರಿ ಬಿದ್ದಿದ್ದಾರೆ, ಒಂದು ಪಕ್ಕೆಲುಬು ಬಿರುಕು ಬಿಟ್ಟಿದೆ, ಕುಮಟೆಯ ಡಾಕ್ಟರು ಬರೀ ಮಾತ್ರೆ ಕೊಟ್ಟು ಕಳಿಸಿದ್ದಾರೆ. ಎದೆಗೆ ಯಾವ ಬೆಲ್ಟ್ ತರಲಿ, ಎಷ್ಟು ದಿನ ಅಲುಗಾಡದೆ ಮಲಗಿಸಲಿ ಎಂದು ಕೇಳಿದ್ದೀರಿ. ಬೆಲ್ಟ್ ತರಬೇಡಿ, ಮಲಗಿಸಲೂ ಬೇಡಿ. ನಿಮ್ಮ ಡಾಕ್ಟರು ಅಸಡ್ಡೆ ಮಾಡಿಲ್ಲ. ನಾನೂ ಹೀಗೆಯೇ ಡಾಕ್ಟರನ್ನು ಬೈದುಕೊಂಡು ಮನೆಗೆ ಬಂದವನು.

ನಾಲ್ಕು ವರ್ಷದ ಹಿಂದಿನ ಮಳೆಗಾಲ. ಶಿರಸಿ ಹತ್ತಿರದ ನಮ್ಮ ತೋಟದಲ್ಲಿ ಕೊಳೆ ರೋಗಕ್ಕೆ ಮದ್ದು ಹೊಡೆಸುತ್ತಿದ್ದೆವು. ಬೋರ್ಡೋ ದ್ರಾವಣದ ಕೊಡ ಹಿಡಿದು ಹಳ್ಳದ ಸಂಕ ದಾಟುವಾಗ ಅಡಿಕೆ ದಬ್ಬೆಯ ಮೇಲೆ ಕಾಲು ಜಾರಿತು. ನೀರಿಗೆ ಬಿದ್ದಿದ್ದರೆ ಬಟ್ಟೆ ಒದ್ದೆಯಾಗುತ್ತಿತ್ತು, ಅಷ್ಟೇ. ಬಲ ಪಕ್ಕೆ ಸಂಕದ ಅಂಚಿಗೇ ಬಡಿಯಿತು. ಒಣ ಪುಳ್ಳೆ ಮುರಿದಂಥ ಸದ್ದು ನನಗೇ ಕೇಳಿಸಿತು. ಎಕ್ಸ್‌ರೇಯಲ್ಲಿ ಏಳನೆಯ ಮತ್ತು ಎಂಟನೆಯ ಎಲುಬಿಗೆ ಗೀರು. ನೋವಿನ ಮಾತ್ರೆ ತಪ್ಪಿಸಬೇಡಿ, ಗಂಟೆಗೊಮ್ಮೆ ದೀರ್ಘವಾಗಿ ಉಸಿರೆಳೆಯಿರಿ, ಕೆಮ್ಮು ಬಂದರೆ ಕೆಮ್ಮಿ ಎಂದರು ಡಾಕ್ಟರು.

ಬೆರಳು ಮುರಿದರೂ ಪಟ್ಟಿ ಕಟ್ಟುತ್ತಾರೆ, ಎರಡು ಎಲುಬಿಗೆ ಏನೂ ಇಲ್ಲವೇ ಎಂದು ನನಗೆ ಸಿಟ್ಟು. ಮನೆಗೆ ಬಂದವನೇ ಹಳೆಯ ಪಂಚೆ ತರಿಸಿ, ಹೆಂಡತಿಯ ಕೈಯಲ್ಲಿ ಎದೆಗೆ ಮೂರು ಸುತ್ತು ಬಿಗಿಸಿಕೊಂಡೆ. ಅವಳು ಬೇಡವೆಂದಳು, ಕೇಳಲಿಲ್ಲ. ಆ ರಾತ್ರಿ ನಿಜಕ್ಕೂ ಹಾಯೆನಿಸಿತು. ಮೋಸ ಇದ್ದದ್ದು ಆ ಹಾಯಿಯಲ್ಲೇ. ನೋವು ಕಡಿಮೆಯಾದದ್ದು ಎಲುಬು ಕೂಡುತ್ತಿತ್ತೆಂದಲ್ಲ, ನಾನು ಸರಿಯಾಗಿ ಉಸಿರಾಡುವುದನ್ನೇ ನಿಲ್ಲಿಸಿದ್ದೆನೆಂದು. ನೋವಿಲ್ಲದ ಮೇಲೆ ಮಾತ್ರೆ ಯಾಕೆ ಎಂದು ಅದನ್ನೂ ಬಿಟ್ಟೆ. ಕೆಮ್ಮು ಬಂದರೆ ಹಲ್ಲು ಕಚ್ಚಿ ನುಂಗಿದೆ. ಪಂಚೆ ಸಡಿಲವಾದಾಗಲೆಲ್ಲ ಮತ್ತೆ ಬಿಗಿಸಿಕೊಂಡೆ. ಏಳು ದಿನ ಹೀಗೇ.

ಎದೆಗೂಡು ಪೆಟ್ಟಿಗೆಯಲ್ಲ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಅದು ಬಿದಿರಿನ ಹೆಡಿಗೆಯಂತೆ, ಒತ್ತಿದರೆ ಬಾಗುತ್ತದೆ, ಬಿಟ್ಟರೆ ಹಿಂದಿರುಗುತ್ತದೆ. ಹನ್ನೆರಡು ಜೊತೆ ಎಲುಬುಗಳೂ ಹಿಂದೆ ಬೆನ್ನುಮೂಳೆಗೆ ಕೂಡಿವೆ. ಮುಂದೆ ಮಾತ್ರ ಮೇಲಿನ ಏಳು ಜೊತೆ ಮೆದುಮೂಳೆಯ ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ. ಎಂಟು, ಒಂಬತ್ತು, ಹತ್ತನೆಯವು ತಮ್ಮ ಮೇಲಿನದರ ಮೆದುಮೂಳೆಗೆ ಆತುಕೊಳ್ಳುತ್ತವೆ. ಕೊನೆಯ ಎರಡರ ತುದಿ ಯಾವುದಕ್ಕೂ ಅಂಟದೆ ನಿಂತಿದೆ. (ಗಂಡಸಿಗೆ ಒಂದು ಎಲುಬು ಕಡಿಮೆ ಎಂದು ನಮ್ಮ ದೊಡ್ಡಪ್ಪ ಇಂದಿಗೂ ವಾದಿಸುತ್ತಾರೆ. ಇಬ್ಬರಿಗೂ ಇಪ್ಪತ್ನಾಲ್ಕೇ.) ಈ ಗೂಡು ಹೃದಯವನ್ನು, ಯಕೃತ್ತನ್ನು ಕಾಯುತ್ತದೆ, ನಿಜ. ಆದರೆ ಕಾವಲಿಗಷ್ಟೇ ಆಗಿದ್ದರೆ ಗಟ್ಟಿ ಚಿಪ್ಪು ಸಾಕಿತ್ತು. ಶ್ವಾಸಕೋಶಕ್ಕೆ ತನ್ನಷ್ಟಕ್ಕೆ ಹಿಗ್ಗುವ ಶಕ್ತಿಯಿಲ್ಲ. ಕೆಳಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ತಗ್ಗಬೇಕು, ಎಲುಬುಗಳ ನಡುವಿನ ಸ್ನಾಯುಗಳು ಎಳೆಯಬೇಕು, ಕೆಳಗಿನ ಎಲುಬುಗಳು ಬಕೆಟ್ಟಿನ ಹಿಡಿಕೆ ಎತ್ತಿದ ಹಾಗೆ ಪಕ್ಕಕ್ಕೆ ಏಳಬೇಕು. ಆಗಲೇ ಒಳಗೆ ಜಾಗವಾಗಿ ಗಾಳಿ ನುಗ್ಗುವುದು. ನಾನು ಪಂಚೆ ಬಿಗಿದದ್ದು ಆ ಹಿಡಿಕೆಗೇ.

ಏಳದ ಜಾಗದಲ್ಲಿ ಕಫ ಕೂತಿತು. ಎಂಟನೆಯ ದಿನ ಚಳಿ ಜ್ವರ. ಬಚ್ಚಲಿನಿಂದ ಜಗುಲಿಗೆ ಬರುವಷ್ಟರಲ್ಲಿ ಏದುಸಿರು. ನ್ಯುಮೋನಿಯಾ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ, ಆ ವರ್ಷದ ಮದ್ದಿನ ಎರಡನೆಯ ಸುತ್ತು ತಪ್ಪಿತು, ಉದುರಿದ ಅಡಿಕೆಯ ಲೆಕ್ಕ ಇಲ್ಲಿ ಬರೆಯುವುದಿಲ್ಲ. ದಾಖಲಾದ ದಿನವೇ ನರ್ಸ್ ಪಂಚೆಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಉಪಕರಣವೊಂದನ್ನು ಕೈಗೆ ಕೊಟ್ಟು, ನಳಿಗೆಯಿಂದ ಉಸಿರೆಳೆಯಿರಿ ಎಂದರು. ಅದರ ಮೇಲೆ 600, 900, 1200 ಎಂದು ಬರೆದಿತ್ತು, ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಎಳೆದರೆ ಆಯಾ ಚೆಂಡು ಮೇಲೇಳುತ್ತದೆಂಬ ಲೆಕ್ಕ. ಐವತ್ತು ಕಿಲೋ ಅಡಿಕೆ ಮೂಟೆ ಹೊರುತ್ತಿದ್ದವನು ನಾನು. ಮೊದಲನೆಯ ಚೆಂಡು ಸ್ವಲ್ಪ ನಡುಗಿ ಅಲ್ಲೇ ಕೂತಿತು. ಮೂರನೆಯದು ಎದ್ದದ್ದು ಮನೆಗೆ ಬಂದು ಎಷ್ಟೋ ದಿನಗಳ ಮೇಲೆ.

ಎಲುಬು ಅಲುಗಿದರೆ ಕೂಡುವುದು ಹೇಗೆ ಎಂದು ನಿಮಗೂ ಅನ್ನಿಸುತ್ತಿರಬಹುದು. ಬಿರುಕು ಬಿಟ್ಟ ಎಲುಬನ್ನು ಅಕ್ಕಪಕ್ಕದ ಎಲುಬು, ಸ್ನಾಯುಗಳೇ ಹಿಡಿದುಕೊಂಡಿರುತ್ತವೆ; ಸಾಮಾನ್ಯವಾಗಿ ಆರು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಪ್ರತಿ ಎಲುಬಿನ ಕೆಳ ಅಂಚಿನ ತೋಡಿನಲ್ಲಿ ನರ ಹಾದುಹೋಗುವುದರಿಂದ ನೋವು ಮಾತ್ರ ಜೋರು. ಡಾಕ್ಟರು ಮಾತ್ರೆ ಕೊಟ್ಟದ್ದು ನಿಮ್ಮ ಅಪ್ಪಯ್ಯ ಸುಮ್ಮನೆ ಮಲಗಲಿ ಎಂದಲ್ಲ, ನೋವಿಲ್ಲದೆ ಉಸಿರೆಳೆದು ಕೆಮ್ಮಲಿ ಎಂದು. ಹೊಟ್ಟೆ ಉರಿಯುತ್ತದೆಂದರೆ ಮಾತ್ರೆ ಬದಲಿಸಲು ಡಾಕ್ಟರನ್ನೇ ಕೇಳಿ, ನನ್ನಂತೆ ಬಿಡಬೇಡಿ. ಕೆಮ್ಮುವಾಗ ತಲೆದಿಂಬನ್ನು ನೋವಿರುವ ಜಾಗಕ್ಕೆ ಅಪ್ಪಿ ಹಿಡಿಯಲಿ. ಬೆಲ್ಟಿನಿಂದ ನೀವು ಬಯಸುವ ಆಸರೆ ಅಷ್ಟೇ, ಕೆಮ್ಮು ಮುಗಿದ ಮೇಲೆ ದಿಂಬನ್ನು ತೆಗೆದಿಡಬಹುದು. ಒರಗು ಕುರ್ಚಿಯಲ್ಲಿ ಕೂರಿಸಿ, ಜಗುಲಿಯಲ್ಲಿ ನಾಲ್ಕು ಹೆಜ್ಜೆ ನಡೆಸಿ.

ವಯಸ್ಸಾದವರಿಗೆ ಒಂದೇ ಎಲುಬಾದರೂ ಕಫ ಕಟ್ಟುವ ಭಯ ಹೆಚ್ಚು. ಜ್ವರ, ಏದುಸಿರು, ಕಫದಲ್ಲಿ ರಕ್ತ, ಹೊಟ್ಟೆ ನೋವು ಅಥವಾ ತಲೆ ಸುತ್ತು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಮಣಿಪಾಲವೋ ಹುಬ್ಬಳ್ಳಿಯೋ ಎಂಬ ಚರ್ಚೆ ಅಲ್ಲಿ ತೋರಿಸಿದ ಮೇಲೆ ಇಟ್ಟುಕೊಳ್ಳಿ. ಅಂಗಳದ ಹಾವಸೆಯನ್ನು ಇವತ್ತೇ ಕೆರೆಸಿ, ಅಮ್ಮನೂ ಅಲ್ಲೇ ಓಡಾಡುತ್ತಾರಲ್ಲ.