ಕಿರಿಯ ವಕೀಲರ ಕಡತದಲ್ಲಿ ಏನಿರಬೇಕು?

ಪ್ರಶ್ನೆ: ಉಡುಪಿಯ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಎರಡು ವರ್ಷಗಳಿಂದ ಕಿರಿಯ ವಕೀಲೆಯಾಗಿದ್ದೇನೆ. ಮಂಗಳೂರಿನ ಸಂಸ್ಥೆಯೊಂದು ಕಾನೂನು ಅಧಿಕಾರಿಯ ಹುದ್ದೆಗೆ ನನ್ನ ಬರಹದ ಮಾದರಿಗಳನ್ನು ಕೇಳಿದೆ. ನಾನು ಬರೆದ ಕರಡುಗಳೆಲ್ಲ ಹಿರಿಯರ ಹೆಸರಿನಲ್ಲಿಯೇ ಸಲ್ಲಿಕೆಯಾಗಿವೆ. ಏನನ್ನು ಕೊಡಲಿ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಹಿರಿಯರ ಅನುಮತಿ ಪಡೆದು, ‘ಅವರ ಮಾರ್ಗದರ್ಶನದಲ್ಲಿ ಸಿದ್ಧಪಡಿಸಿದ್ದು’ ಎಂದು ನಮೂದಿಸಿ ಆ ಕರಡುಗಳನ್ನೇ ಕೊಡಬಹುದು. ಆದರೆ ಕಕ್ಷಿದಾರರ ಗುರುತು ಸಿಗುವಂತಹದ್ದೆಲ್ಲವನ್ನೂ ತೆಗೆಯಲೇಬೇಕು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮು ವಕೀಲರ ಮೇಲೆ ಹೊರಿಸಿರುವ ಗೋಪ್ಯತೆಯ ಹೊಣೆಯು ಪ್ರಕರಣ ಮುಗಿದ ಮೇಲೂ ಮುಂದುವರಿಯುತ್ತದೆ. ನಮ್ಮ ಕರಾವಳಿಯಲ್ಲಂತೂ ಅಳಿಯಸಂತಾನ (ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಪದ್ಧತಿಯ) ಕುಟುಂಬದ ಪಾಲು ದಾವೆಯಲ್ಲಿ ಹೆಸರುಗಳನ್ನಷ್ಟೇ ಅಳಿಸಿದರೆ ಸಾಲದು. ಗ್ರಾಮ, ಸರ್ವೆ ನಂಬರು, ಗುತ್ತಿನ ಮನೆಯ (ಊರಿನ ಹಳೆಯ ಪ್ರಮುಖ ಮನೆತನದ ಮನೆಯ) ವಿವರ ಉಳಿದರೆ ಓದಿದವರು ಕುಟುಂಬವನ್ನು ಗುರುತಿಸಿಬಿಡುತ್ತಾರೆ.

ಮೂರು ಮಾದರಿಗಳು ಸಾಕು. ಸಂಸ್ಥೆಗೆ ದಾವಾಪತ್ರಕ್ಕಿಂತ ಕರಾರು ಪತ್ರ ಮುಖ್ಯವಾದ್ದರಿಂದ, ನಿಮ್ಮಲ್ಲಿ ಅದಿಲ್ಲದಿದ್ದರೆ ಕಾಲ್ಪನಿಕ ಕಕ್ಷಿಗಳ ನಡುವಿನ ಒಂದನ್ನು ಹೊಸದಾಗಿ ಬರೆದು, ಕಾಲ್ಪನಿಕವೆಂದೇ ತಿಳಿಸಿರಿ.

ನೀವು ಕೇಳದಿದ್ದರೂ ಒಂದು ಮಾತು: ಭಾರತೀಯ ವಕೀಲರ ಪರಿಷತ್ತಿನ 49ನೆಯ ನಿಯಮದಂತೆ, ಪೂರ್ಣಾವಧಿ ಸಂಬಳದ ನೌಕರಿಗೆ ಸೇರಿದೊಡನೆ ರಾಜ್ಯ ಪರಿಷತ್ತಿಗೆ ತಿಳಿಸಿ, ನೌಕರಿಯಲ್ಲಿರುವಷ್ಟು ಕಾಲ ವಕೀಲಿ ವೃತ್ತಿಯನ್ನು ನಿಲ್ಲಿಸಬೇಕಾಗುತ್ತದೆ.