ಹುಟ್ಟಿನಿಂದ ಎಚ್‌ಐವಿ ಇರುವ ಹುಡುಗ, ಹಾಸ್ಟೆಲ್ ಸೇರಿದ ಮೇಲೆ ಗುಟ್ಕಾ, ಬಿಯರ್, ಚಾಟಿಂಗ್: ಮೊದಲು ಯಾವುದನ್ನು ಬಿಡಿಸಬೇಕು?

ಓದುವ ಬೇರೆಯವರಿಗೂ ಗೊತ್ತಾಗಲಿ ಎಂದು ನಿಮ್ಮ ಪ್ರಶ್ನೆಯನ್ನು ಚುಟುಕಾಗಿ ಹೇಳುತ್ತೇನೆ. ತೀರಿಹೋದ ಅಕ್ಕನ ಮಗ, ವಯಸ್ಸು 16, ಹುಟ್ಟಿನಿಂದಲೇ ಎಚ್‌ಐವಿ. ಎಸ್ಸೆಸ್ಸೆಲ್ಸಿವರೆಗೆ ನಿಮ್ಮ ಕಣ್ಣೆದುರೇ ಮಾತ್ರೆ ನುಂಗುತ್ತಿದ್ದ. ಪಿಯುಸಿಗೆ ಹಾಸ್ಟೆಲ್ ಸೇರಿದ ಮೇಲೆ ವೈರಲ್ ಲೋಡ್ (ಒಂದು ಮಿಲಿಲೀಟರ್ ರಕ್ತದಲ್ಲಿರುವ ವೈರಸ್ ಎಣಿಕೆ) 14,000 ಬಂದಿದೆ. ಜೇಬಿನಲ್ಲಿ ಪಾನ್ ಮಸಾಲ, ತಂಬಾಕಿನ ಪೊಟ್ಟಣ ಸಿಕ್ಕಿವೆ. ಗೆಳೆಯರ ಜೊತೆ ಬಿಯರ್ ಕುಡಿದದ್ದು ತಿಳಿದಿದೆ. ಒಬ್ಬಳು ಹುಡುಗಿಯ ಜೊತೆ ರಾತ್ರಿ ಎರಡರವರೆಗೆ ಚಾಟ್. "ಮೊದಲು ಯಾವುದನ್ನು ಬಿಡಿಸಲಿ?" ಎಂದು ಕೇಳಿದ್ದೀರಿ.

ಮೊದಲು ಏನನ್ನೂ ಬಿಡಿಸಬೇಡಿ, ಮಾತ್ರೆ ಹಿಡಿಸಿ. ಎಚ್‌ಐವಿ ಇರುವ ಹರೆಯದ ಮಕ್ಕಳ ವಿಷಯದಲ್ಲಿ ದೊಡ್ಡವರ ಕಣ್ಣು ಗುಟ್ಕಾ, ಕುಡಿತ, ಪ್ರೇಮದ ಮೇಲೆಯೇ ಇರುತ್ತದೆ. ಎಲ್ಲಕ್ಕಿಂತ ಅಪಾಯದ ಚಾಳಿ ಮಾತ್ರ ಸದ್ದಿಲ್ಲದೆ ನಡೆಯುತ್ತಿರುತ್ತದೆ, ಅದು ಮಾತ್ರೆ ತಪ್ಪಿಸುವುದು. ಮಿಕ್ಕ ಮೂರನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿ: ಇದರಿಂದ ಮಾತ್ರೆಗೆ ಏನಾಗುತ್ತಿದೆ?

14,000 ಅಂದರೇನು ಎಂಬುದು ಮೊದಲು. ನಮ್ಮ ಎಆರ್‌ಟಿ ಸೆಂಟರುಗಳಲ್ಲಿ (ಎಚ್‌ಐವಿಗೆ ಔಷಧಿ ಕೊಡುವ ಸರ್ಕಾರಿ ಕೇಂದ್ರ) ಗೆರೆ ಎಳೆದಿರುವುದು 1,000ಕ್ಕೆ. ಅದರ ಮೇಲೆ ಬಂದರೆ ಔಷಧಿ ಸೋತಿತು ಎಂದು ಯಾರೂ ಒಂದೇ ಸಲಕ್ಕೆ ಬರೆಯುವುದಿಲ್ಲ. ತಿಂಗಳಿಗೊಮ್ಮೆಯಂತೆ ಮೂರು ಸಲ ಕೂರಿಸಿ ಆಪ್ತಸಮಾಲೋಚನೆ ಮಾಡುತ್ತಾರೆ, ಮಾತ್ರೆ ಸರಿಯಾಗಿ ತೆಗೆದುಕೊಂಡ ಮೂರು ತಿಂಗಳ ನಂತರ ಮತ್ತೆ ವೈರಲ್ ಲೋಡ್ ನೋಡುತ್ತಾರೆ. ಆಗಲೂ 1,000 ದಾಟಿದರೆ ಮಾತ್ರ ಕಡತ ತಜ್ಞರ ಸಮಿತಿಗೆ ಹೋಗುತ್ತದೆ. ಅವನ ತೂಕ 30 ಕಿಲೋ ದಾಟಿದ್ದರೆ ಈಗ ಕೊಡುತ್ತಿರುವುದು ಬಹುತೇಕ ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ದಿನಕ್ಕೊಂದು ಮಾತ್ರೆ. ಇದರಲ್ಲಿ ಡೊಲುಟೆಗ್ರಾವಿರ್ ಗಟ್ಟಿ ಆಸಾಮಿ, ಅದರ ವಿರುದ್ಧ ವೈರಸ್ ಸುಲಭವಾಗಿ ತಿರುಗಿ ಬೀಳುವುದಿಲ್ಲ. ಒಂದೆರಡು ದಿನ ತಪ್ಪಿದ ಮಾತ್ರಕ್ಕೆ ಸಾಮಾನ್ಯವಾಗಿ ಲೋಡ್ ಇಷ್ಟು ಏರುವುದೂ ಇಲ್ಲ. ಹಾಗಾಗಿ ದಿನಗಟ್ಟಲೆ, ಪ್ರಾಯಶಃ ವಾರಗಟ್ಟಲೆ ಮಾತ್ರೆ ನಿಂತಿದೆ ಎಂದೇ ತಿಳಿಯಿರಿ. ಸಮಾಧಾನದ ಸಂಗತಿಯೆಂದರೆ, ಮತ್ತೆ ಹಿಡಿದರೆ ಲೋಡ್ ಬೇಗ ಇಳಿಯುತ್ತದೆ. ಅದಕ್ಕೇ ಮೂರು ತಿಂಗಳ ಗಡುವು.

ಇಲ್ಲಿ ಮನೆಯವರು ಮಾಡುವ ತಪ್ಪು ಮಾತ್ರೆ ಎಣಿಸುವುದು. ಡಬ್ಬಿಯಲ್ಲಿ 30 ಇರುತ್ತವೆ, ಎರಡು ತಪ್ಪಿದರೆ ಶೇ. 93, ನಿಗದಿ ಮಾಡಿರುವ ಶೇ. 95ಕ್ಕಿಂತ ಕಡಿಮೆ. ಈ ಲೆಕ್ಕ ಮಕ್ಕಳಿಗೂ ಬಾಯಿಪಾಠ. ಸೆಂಟರಿಗೆ ಹೋಗುವ ಹಿಂದಿನ ದಿನ ಉಳಿದದ್ದನ್ನು ಟಾಯ್ಲೆಟ್ಟಿಗೆ ಸುರಿದರೆ ಎಣಿಕೆ ನೂರಕ್ಕೆ ನೂರು! ಎಣಿಕೆ ಸರಿಯಿದ್ದು ಲೋಡ್ ಏರಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. "ಮಾತ್ರೆ ತಗೊಂಡ್ಯಾ?" ಎಂದು ಕೇಳಿದರೆ "ಹೂಂ" ಎಂಬ ಒಂದೇ ಉತ್ತರ ಬರುತ್ತದೆ. ಅದರ ಬದಲು ಹೀಗೆ ಕೇಳಿ ನೋಡಿ: "ಹಾಸ್ಟೆಲಲ್ಲಿ ದಿನಾ ತಗೊಳ್ಳೋದು ಯಾರಿಗಾದ್ರೂ ಕಷ್ಟವೇ ಕಣೋ. ಹೋದ ವಾರ ಎಷ್ಟು ದಿನ ಬಿಟ್ಟುಹೋಯ್ತು? ಯಾವ ಹೊತ್ತಲ್ಲಿ ತೊಂದರೆ ಆಗ್ತಿದೆ?" ಉತ್ತರ "ಐದು ದಿನ" ಅಂತ ಬಂದರೆ ಮುಖ ಗಂಟಿಕ್ಕಬೇಡಿ. ಆ ಐದು ನಿಜವಾದ ಸಂಖ್ಯೆ, ಅದರ ಮೇಲೆ ಕೆಲಸ ಮಾಡಬಹುದು. ಹೆದರಿ ಹೇಳಿದ ಸೊನ್ನೆಯಿಂದ ಏನೂ ಆಗದು.

ಈಗ ಹೊತ್ತಿನ ವಿಷಯ. ನೀವು ರಾತ್ರಿ ಊಟದ ಮೇಲೆ ಕೊಡುತ್ತಿದ್ದೆ ಎಂದು ಬರೆದಿದ್ದೀರಿ. ಅದು ಹಳೆಯ ಮಾತ್ರೆಯ ಕಾಲದ ರೂಢಿ. ಅದರಲ್ಲಿದ್ದ ಎಫಾವಿರೆಂಜ್ ತಲೆಸುತ್ತು, ಕೆಟ್ಟ ಕನಸು ತರುತ್ತಿತ್ತು, ಹಾಗಾಗಿ ಮಲಗುವಾಗ ನುಂಗಿ ಎನ್ನುತ್ತಿದ್ದರು. ಡೊಲುಟೆಗ್ರಾವಿರ್ ಕೆಲವರಿಗೆ ತದ್ವಿರುದ್ಧ, ನಿದ್ದೆಯನ್ನೇ ಕೆಡಿಸುತ್ತದೆ. ರಾತ್ರಿ ಎರಡರ ಚಾಟಿಂಗಿಗೆ ಪೂರ್ತಿ ಮಾತ್ರೆಯನ್ನೇ ದೂರಲಾಗದು, ಬಿಡಿ. ಆದರೂ ಟಿಎಲ್‌ಡಿಯನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ಸೆಂಟರಿನಲ್ಲಿ ಕೇಳಿ. ಊಟಕ್ಕೂ ಅದಕ್ಕೂ ಸಂಬಂಧವಿಲ್ಲ, ಖಾಲಿ ಹೊಟ್ಟೆಯಲ್ಲೂ ನಡೆಯುತ್ತದೆ. ಹಾಸ್ಟೆಲಿನಲ್ಲಿ ರಾತ್ರಿ ಎಂದರೆ ರೂಮಿನ ತುಂಬ ಜನ, ಬೆಳಿಗ್ಗೆ ಹಲ್ಲುಜ್ಜುವಾಗ ಒಬ್ಬನೇ. ಈ ಒಂದು ಬದಲಾವಣೆಯಿಂದಲೇ ತಪ್ಪುವ ದಿನಗಳು ಎಷ್ಟೋ ಕಡಿಮೆಯಾಗುತ್ತವೆ. ಬೆಳಿಗ್ಗೆ ಮರೆತು ಅದೇ ದಿನ ನೆನಪಾದರೆ ನೆನಪಾದ ಕೂಡಲೇ ನುಂಗಲಿ. ನೆನಪಾಗುವುದು ಮರುದಿನ ಬೆಳಿಗ್ಗೆಯಾದರೆ ಒಂದೇ ಸಾಕು, ಎರಡು ಒಟ್ಟಿಗೆ ಬೇಡ.

ಡಬ್ಬಿಯದೇ ಒಂದು ಕಥೆ. ಗಲಗಲ ಸದ್ದು, ಮೇಲೆ ಔಷಧಿಯ ಹೆಸರು. ರೂಮ್‌ಮೇಟ್ ಆ ಹೆಸರನ್ನು ಫೋನಿನಲ್ಲಿ ಟೈಪ್ ಮಾಡಿದರೆ ಎಲ್ಲ ಮುಗಿಯಿತು. ಎಷ್ಟೋ ಮಕ್ಕಳು ಮಾತ್ರೆ ಬಿಡುವುದು ಈ ಭಯಕ್ಕೇ. ಮೂಲ ಡಬ್ಬಿಯನ್ನು ಬೀಗ ಹಾಕುವ ಟ್ರಂಕಿನಲ್ಲಿ ಇಡಿಸಿ, ಒಳಗೆ ಸ್ವಲ್ಪ ಹತ್ತಿ ತುಂಬಿದರೆ ಸದ್ದು ನಿಲ್ಲುತ್ತದೆ. ತೇವ ಹೀರುವ ಪುಟ್ಟ ಚೀಲವನ್ನು ಎಸೆಯಬೇಡಿ. ವಾರಕ್ಕೆ ಬೇಕಾದ ಏಳನ್ನು ಮಾತ್ರ ಒಣಗಿದ, ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಗೆ ಹಾಕಿಕೊಳ್ಳಲಿ, ಇನ್ನೆರಡು ಮಾತ್ರೆ ಕಾಲೇಜು ಬ್ಯಾಗಿನಲ್ಲಿ ಹೆಚ್ಚುವರಿ ಇರಲಿ. ಯಾರಾದರೂ ಕೇಳಿದರೆ ಹೇಳಲು ಒಂದು ಮಾತು ಮೊದಲೇ ತಯಾರಿರಬೇಕು, "ಅಲರ್ಜಿಗೆ" ಅಂದರೆ ಮುಗಿಯಿತು. ಅಲಾರಂಗೆ "ಮಾತ್ರೆ" ಎಂದು ಹೆಸರಿಡಬೇಡಿ. ನುಂಗಿದ ಮೇಲೆ ನಿಮಗೆ ವಾಟ್ಸ್ಆ್ಯಪಿನಲ್ಲಿ ಒಂದು ಚುಕ್ಕಿ ಕಳಿಸಲಿ, ಫೋಟೋ ಕೇಳಬೇಡಿ. ವಾರ್ಡನ್‌ಗೆ ಹೇಳಲೇಬೇಕೆಂಬ ಕಟ್ಟಳೆ ಇಲ್ಲ. 2017ರ ಎಚ್‌ಐವಿ ಕಾಯ್ದೆ (ಜಾರಿಯಾದದ್ದು 2018ರ ಸೆಪ್ಟೆಂಬರ್ 10) ಶಾಲೆ, ಕಾಲೇಜು, ಹಾಸ್ಟೆಲಿನಲ್ಲಿ ತಾರತಮ್ಯವನ್ನು ನಿಷೇಧಿಸಿದೆ, ಕೋರ್ಟ್ ಆದೇಶವಿಲ್ಲದೆ ಸೋಂಕಿನ ವಿಷಯ ಬಯಲು ಮಾಡುವಂತೆ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ ಎಂದೂ ಹೇಳಿದೆ.

ಮಾತ್ರೆ ನುಂಗಿಯೂ ಅದು ಕೆಲಸ ಮಾಡದಂತೆ ಆಗುವುದುಂಟು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಡೊಲುಟೆಗ್ರಾವಿರ್ ಕಬ್ಬಿಣ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಜೊತೆ ಅಂಟಿಕೊಂಡರೆ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ಮೆಸ್ ಊಟಕ್ಕೆ ಗ್ಯಾಸ್ಟ್ರಿಕ್ ಆಗಿ ಡೈಜೀನ್, ಜೆಲುಸಿಲ್ ಕುಡಿಯುತ್ತಾನಾ? ಜಿಮ್ಮಿಗೆ ಹೋಗಿ ಖನಿಜ ಬೆರೆಸಿದ ಪ್ರೋಟೀನ್ ಪುಡಿ ಕಲಸುತ್ತಾನಾ? ಶಾಲಾ-ಕಾಲೇಜುಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಐರನ್ ಮಾತ್ರೆಯೂ ಇದೇ ಗುಂಪು. ನಿಯಮ ಸರಳ: ಟಿಎಲ್‌ಡಿ ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ. ಬೆಳಿಗ್ಗೆ ಆರಕ್ಕೆ ಟಿಎಲ್‌ಡಿ, ಮಧ್ಯಾಹ್ನ ಊಟದ ಮೇಲೆ ಐರನ್ ಎಂದರೆ ತೊಂದರೆಯೇ ಇಲ್ಲ. ಕ್ಷಯಕ್ಕೆ ರಿಫಾಂಪಿಸಿನ್ ಶುರು ಮಾಡಿದರೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ದಿನಕ್ಕೆ ಎರಡು ಸಲ ಬೇಕಾಗುತ್ತದೆ, ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳಿಗೂ ಡೋಸ್ ಬದಲಾಗುತ್ತದೆ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಗ್ರೀನ್ ಬುಕ್ (ಸೆಂಟರಿನವರು ಕೊಡುವ ಚಿಕಿತ್ಸೆಯ ದಾಖಲೆ ಪುಸ್ತಕ) ತೋರಿಸಬೇಕು. "ಮೂರು ತಿಂಗಳಲ್ಲಿ ವಾಸಿ" ಎನ್ನುವ ನಾಟಿ ಔಷಧಿಯ ಕಡೆ ತಲೆ ಹಾಕಬೇಡಿ. ಏಡ್ಸ್ ವಾಸಿ ಮಾಡುತ್ತೇವೆಂದು ಔಷಧಿ ಮಾರುವುದು ಔಷಧ ನಿಯಮಗಳ ಪ್ರಕಾರವೇ ತಪ್ಪು.

ಬಿಯರ್. ಟಿಎಲ್‌ಡಿಗೂ ಮದ್ಯಕ್ಕೂ ನೇರ ಜಗಳ ಇಲ್ಲ. ಜಗಳ ಇರುವುದು "ಕುಡಿದ ದಿನ ಮಾತ್ರೆ ತಗೋಬಾರದು, ಲಿವರ್ ಹೋಗುತ್ತೆ" ಎಂಬ ನಂಬಿಕೆಯಲ್ಲಿ. ಅದನ್ನು ನಂಬಿದ ಹುಡುಗ ಶನಿವಾರ ಕುಡಿದು, ಶನಿವಾರ ಭಾನುವಾರ ಎರಡೂ ದಿನ ಮಾತ್ರೆ ಬಿಡುತ್ತಾನೆ. ತಿಂಗಳಿಗೆ ಎಂಟು! ಆದ್ದರಿಂದ ನೀವು ಹೇಳಬೇಕಾದ ಮಾತು ಎರಡು ಭಾಗದ್ದು: ಕುಡಿಯಬೇಡ; ಕುಡಿದಿದ್ದರೂ ಮಾತ್ರೆ ತಪ್ಪಿಸಬೇಡ. ಎರಡನೆಯದನ್ನು ಹೇಳಿದರೆ ಕುಡಿತಕ್ಕೆ ಪರವಾನಗಿ ಕೊಟ್ಟಂತಲ್ಲವೇ ಎಂದು ನಿಮಗೆ ಅನ್ನಿಸಬಹುದು. ನನ್ನ ದೃಷ್ಟಿಯಲ್ಲಿ ಹೇಳದೇ ಇರುವುದೇ ಹೆಚ್ಚು ಅಪಾಯ. ಒಂದು ಕಡೆ ಮಾತ್ರ ಕಟ್ಟುನಿಟ್ಟು ಬೇಕು: ಕ್ಷಯ ಬಾರದಂತೆ ಕೊಡುವ ಐಸೋನಿಯಾಜಿಡ್ ನಡೆಯುತ್ತಿದ್ದರೆ ಮದ್ಯ ಸೇರಿ ಲಿವರ್ ನಿಜಕ್ಕೂ ಕೆಡುತ್ತದೆ. ಹೆಪಟೈಟಿಸ್ ಬಿ ಇದೆಯೇ ಎಂದೂ ವಿಚಾರಿಸಿ. ಟಿಎಲ್‌ಡಿಯ ಎರಡು ಔಷಧಿಗಳು ಅದನ್ನೂ ತಡೆದಿಟ್ಟಿರುತ್ತವೆ, ಥಟ್ಟನೆ ನಿಲ್ಲಿಸಿದರೆ ಆ ವೈರಸ್ ಎದ್ದು ಕೂರುತ್ತದೆ.

ತಂಬಾಕು ಮಾತ್ರೆಯನ್ನು ತಪ್ಪಿಸುವುದಿಲ್ಲ, ಹಾಗಾಗಿ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ. ಆದರೆ ಕಡೆಗಣಿಸುವಂಥದ್ದಲ್ಲ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಯಿತು, ಅಂಗಡಿಯವರು ಪಾನ್ ಮಸಾಲ, ತಂಬಾಕು ಎರಡು ಪೊಟ್ಟಣ ಮಾಡಿ ಕೈಗಿಟ್ಟರು. ಅಡಿಕೆಯ ದೆಸೆಯಿಂದ ಕೆನ್ನೆಯ ಒಳಪದರ ಬಿಗಿಯುತ್ತದೆ. ಖಾರ ತಿಂದರೆ ಬಾಯಿ ಉರಿಯುತ್ತದೆ ಅನ್ನುತ್ತಾನಾ, ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ತೂರಿಸಲು ಆಗುತ್ತದಾ, ನೋಡಿ. ಆಗದಿದ್ದರೆ ದಂತವೈದ್ಯರ ಹತ್ತಿರ ಈ ವಾರವೇ. ಸಿಗರೇಟಿಗೆ ಹೊರಳಿದರೆ ಕ್ಷಯದ ಅಪಾಯ ಏರುತ್ತದೆ, ಎಚ್‌ಐವಿ ಇದ್ದವರಿಗೆ ಅದು ಮೊದಲೇ ಹೆಚ್ಚು. ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು ಜೋರಾಗಿರುತ್ತದೆ, ಆ ದಿನಗಳನ್ನು ಪರೀಕ್ಷೆಗೆ ತಾಗಿಸಬೇಡಿ. 1800-11-2356 ತಂಬಾಕು ಬಿಡಿಸುವ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

ಹುಡುಗಿಯ ವಿಷಯದಲ್ಲಿ ಫೋನ್ ಕಿತ್ತುಕೊಳ್ಳುವುದು ಸುಲಭ, ಪ್ರಯೋಜನವಿಲ್ಲ. ಅವನಿಗೆ ಮೂರು ಸಂಗತಿ ಗೊತ್ತಿರಬೇಕು. ಒಂದು, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲಿ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಹರಡುವುದಿಲ್ಲ. ಮುಂದೆ ಮದುವೆ, ಮಕ್ಕಳು ಎಲ್ಲ ಸಾಧ್ಯ. ಈ ವಯಸ್ಸಿನಲ್ಲಿ ಮಾತ್ರೆ ನುಂಗಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು ಸಿಗಲಿಕ್ಕಿಲ್ಲ, "ನಿನ್ನ ಆರೋಗ್ಯಕ್ಕೆ" ಎಂಬ ಮಾತು ಅವನಿಗೆ ಸವಕಲಾಗಿರುತ್ತದೆ. ಆದರೆ 14,000 ಇರುವಾಗ ಇದು ಅನ್ವಯಿಸದು. ಎರಡು, 18ರ ಒಳಗಿನ ಲೈಂಗಿಕ ಸಂಬಂಧ, ಇಬ್ಬರೂ ಒಪ್ಪಿದ್ದರೂ, ಪೋಕ್ಸೋ ಕಾಯ್ದೆಯಡಿ ಅಪರಾಧ. ಗೊತ್ತಾದವರು ವರದಿ ಮಾಡಲೇಬೇಕು, ಡಾಕ್ಟರೂ ಇದಕ್ಕೆ ಹೊರತಲ್ಲ. ಈ ಭಯದಿಂದಲೇ ಮಕ್ಕಳು ಬಾಯಿ ಬಿಡುವುದಿಲ್ಲ, ಆದ್ದರಿಂದ ತಿಳಿವಳಿಕೆ ಮೊದಲೇ ಸಿಕ್ಕಿರಬೇಕು. ಕಾಂಡೋಮ್ ಪರ್ಸಿನಲ್ಲಿಟ್ಟರೆ ಬಿಸಿಗೆ, ತಿಕ್ಕಾಟಕ್ಕೆ ಹಾಳಾಗುತ್ತದೆ, ಕೊಬ್ಬರಿ ಎಣ್ಣೆ ತಾಗಿದರೆ ರಬ್ಬರ್ ಹರಿಯುತ್ತದೆ, ಯಾರಿಗಾದರೂ ಸೋಂಕು ತಾಗಿರಬಹುದೆಂಬ ಸಂದರ್ಭ ಬಂದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳುವ ಔಷಧಿ ಇದೆ. ಇವೆಲ್ಲ ಚಿಕ್ಕಮ್ಮನಾದ ನಿಮ್ಮ ಬಾಯಿಂದ ಬರುವುದು ಇಬ್ಬರಿಗೂ ಮುಜುಗರ, ಕೌನ್ಸೆಲರ್ ಹೇಳಲಿ. ಮೂರು, ತನ್ನ ಸ್ಥಿತಿಯನ್ನು ಯಾರಿಗೆ ಹೇಳುವುದಾದರೂ ಚಾಟಿನಲ್ಲಿ ಬೇಡ. ಜಗಳವಾದ ದಿನ ಸ್ಕ್ರೀನ್‌ಶಾಟ್ ಕಾಲೇಜು ಗ್ರೂಪಿಗೆ ಹೋಗುತ್ತದೆ.

ಇನ್ನೊಂದು ವಿಷಯ ನಿಮ್ಮ ಪ್ರಶ್ನೆಯಲ್ಲಿ ಇರಲೇ ಇಲ್ಲ. ಅವನಿಗೆ ತನ್ನ ಕಾಯಿಲೆಯ ಹೆಸರು ಯಾರು, ಯಾವಾಗ ಹೇಳಿದರು? ಅಪ್ಪ ಅಮ್ಮ ಹೇಗೆ ತೀರಿಕೊಂಡರು ಎಂಬುದು? "ರಕ್ತ ಕಮ್ಮಿ, ಅದಕ್ಕೆ ಮಾತ್ರೆ" ಎಂಬ ಮಾತಿನಲ್ಲೇ ಬೆಳೆದು, ಹಾಸ್ಟೆಲ್ ಸೇರಿ, ಡಬ್ಬಿಯ ಹೆಸರನ್ನು ತಾನೇ ಗೂಗಲ್ ಮಾಡಿ ತಿಳಿದ ಮಕ್ಕಳು ಮಾತ್ರೆಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ. ಆಗ ಗುಟ್ಕಾ, ಬಿಯರ್ ಎಲ್ಲ ಅದರ ಬಾಲ. ಹಾಗಿದ್ದರೆ ಸತ್ಯ ಹೇಳಿ, ಬೇಕಾದರೆ ಕೌನ್ಸೆಲರ್ ಎದುರಿಗೆ. ಅಕ್ಕನ ಮೇಲೆ ತಪ್ಪು ಹೊರಿಸದೆ ಹೇಳಿ. ಊಟ, ನಿದ್ದೆ ಕೆಟ್ಟಿದ್ದರೆ, "ನಾನಿದ್ದು ಏನು" ಎಂಬ ಮಾತು ಬಂದರೆ ಒಬ್ಬನನ್ನೇ ಬಿಡಬೇಡಿ, ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಇದ್ದರೆ ಬೀಗ ಹಾಕಿ, 14416 ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಕರೆ ಮಾಡಿ.

ಎಚ್‌ಐವಿ ಸಂಬಂಧದ ಸಣ್ಣಪುಟ್ಟ ಪ್ರಶ್ನೆಗೆ 1097 ಸಹಾಯವಾಣಿ ಇದೆ. ಹಾಸ್ಟೆಲ್ ಬೇರೆ ಜಿಲ್ಲೆಯಲ್ಲಿದ್ದರೆ ಹತ್ತಿರದ ಎಆರ್‌ಟಿ ಸೆಂಟರಿಗೆ ವರ್ಗ ಮಾಡಿಸಿಕೊಳ್ಳಬಹುದು, ಮಾತ್ರೆಗಾಗಿ ಕ್ಲಾಸ್ ತಪ್ಪಿಸಿ ಊರಿಗೆ ಬರುವುದೂ ಒಂದು ಅಡ್ಡಿಯೇ. ಮುಂದಿನ ಸಲ ಹೋಗುವಾಗ ಗ್ರೀನ್ ಬುಕ್ ಅವನ ಕೈಯಲ್ಲೇ ಇರಲಿ. ಕೌನ್ಸೆಲರ್ ಕೋಣೆಗೆ ಅವನೊಬ್ಬನೇ ಹೋಗಲಿ, ನೀವು ಹೊರಗಿನ ಬೆಂಚಿನಲ್ಲಿ ಕೂತಿರಿ, ಒಳಗೆ ಏನು ಮಾತಾಯಿತು ಎಂದು ಬಸ್ಸಿನಲ್ಲಿ ಕೇಳಬೇಡಿ.