ನಾಯಿ ಅಂದ್ರೆ ನಾಯಿ, ಅಷ್ಟೇನಾ?

ಆಳಂದದ ಓದುಗರೊಬ್ಬರು ಬರೆಯುತ್ತಾರೆ: ‘ನಾಯಿ ತಳಿಗಳ ಬಗ್ಗೆ ಬರೆದು ಎರಡು ಪುಟ ಹಾಳು ಮಾಡಿದ್ದೀರಿ. ತಳಿ ಅನ್ನೋದು ದುಡ್ಡಿದ್ದವರ ಶೋಕಿ. ಬೀದಿನಾಯಿಗೆ ಒಂದು ರೊಟ್ಟಿ ಹಾಕಿದರೆ ಅದೂ ಮನೆ ಕಾಯುತ್ತದೆ.’

ಸಂಪಾದಕರ ಉತ್ತರ: ರೊಟ್ಟಿ ಹಾಕಿ, ಖಂಡಿತ ಹಾಕಿ. ನಮ್ಮ ಬಿಸಿಲಿಗೆ ಒಗ್ಗಿದ ಜೀವ ಅದು. ಆದರೆ ತಳಿ ಹುಟ್ಟಿದ್ದು ಶೋಕಿಗಲ್ಲ ಸ್ವಾಮಿ, ಕೆಲಸಕ್ಕೆ.

ಜರ್ಮನಿಯ ಡ್ಯಾಶ್‌ಹುಂಡ್‌ಗೆ ಗಿಡ್ಡ ಕಾಲು ಯಾಕೆ? ಬಿಲದೊಳಗೆ ನುಗ್ಗಿ ಬ್ಯಾಜರ್ ಎಂಬ ಪ್ರಾಣಿಯನ್ನು ಹೊರಗೆಳೆಯಲು. ನಮ್ಮ ಮುಧೋಳ ನಾಯಿಯನ್ನೇ ನೋಡಿ. ಸಣ್ಣ ನಡು, ಆಳವಾದ ಎದೆ, ಉದ್ದ ಕಾಲು. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯ ಬೆನ್ನು ಹತ್ತುವ ನಾಯಿ ಅದು. ಬಯಲುಸೀಮೆಗೆ ಬೇಕಾದ್ದೂ ಅಂಥದ್ದೇ. ಮುಧೋಳದ ಘೋರ್ಪಡೆ ಅರಸರು ಅದನ್ನು ಪೋಷಿಸಿದರು. 2005ರಲ್ಲಿ ಅದರ ಅಂಚೆಚೀಟಿ ಬಂತು. ಆಮೇಲೆ ಸೈನ್ಯವೂ ತರಬೇತಿಗೆ ತೆಗೆದುಕೊಂಡಿತು. ಸೈನ್ಯದವರು ಶೋಕಿಗೆ ನಾಯಿ ಸಾಕ್ತಾರಾ?

ಅರಸರ ಮಾತು ಬಿಡಿ. ಶಹಾಪುರದ ಕಡೆ ರಾಶಿ ಮುಗಿದ ಹೊಲದಲ್ಲಿ ಕುರಿ ತರುಬಿದ್ದ ಕುರಿಗಾರರೊಬ್ಬರನ್ನು ಇದೇ ಕೇಳಿದ್ದೆ. ‘ಮರಿ ಇದ್ದಾಗ್ಲೇ ಕುರಿ ಜೋಡಿ ಬಿಡ್ತೀವ್ರಿ. ಕುರಿಮರಿಗಿ ಬಾಯಿ ಹಾಕಿದ್ದನ್ನ ಇಟ್ಕೊಳ್ಳಂಗಿಲ್ಲ. ತೋಳ ಬಂದ್ರ ಬಾಲ ಮುದುರೋದನ್ನೂ ಇಟ್ಕೊಳ್ಳಂಗಿಲ್ಲ’ ಅಂದರು. ಅವರ ನಾಯಿ ನಮ್ಮಿಂದ ದೂರ, ಹಟ್ಟಿಯ ಆಚೆ ತುದಿಯಲ್ಲಿ ಕತ್ತಲಿಗೆ ಮುಖ ಮಾಡಿ ಮಲಗಿತ್ತು. ನಾನು ರೊಟ್ಟಿ ತೋರಿಸಿ ಕರೆದೆ. ಕಿವಿ ಮಾತ್ರ ಈ ಕಡೆ ತಿರುಗಿತು, ಎದ್ದು ಬರಲಿಲ್ಲ. ಮುತ್ಯಾನ ಮುತ್ಯಾನ ಕಾಲದಿಂದ ಹೀಗೆ ಆರಿಸಿ ಆರಿಸಿ ಉಳಿಸಿಕೊಂಡ ಗುಣ ಅದು. ನಿಮ್ಮ ಒಂದು ರೊಟ್ಟಿಗೆ ಅದು ಬರುವುದಿಲ್ಲ, ಬೇಜಾರಾಗಬೇಡಿ.

ಶೋಕಿಯ ವಿಷಯಕ್ಕೆ ನಿಮ್ಮ ಸಿಟ್ಟು ನನಗೂ ಇದೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ಹಸ್ಕಿಯನ್ನು ತಂದು ಕಲಬುರಗಿಯ ಮೇ ತಿಂಗಳಲ್ಲಿ ಎಸಿ ರೂಮಿನಲ್ಲಿ ಕೂಡಿಹಾಕುತ್ತಾರಲ್ಲ, ಅವರಿಗೆ ಬರೆಯಿರಿ ಈ ಪತ್ರ. ನಮ್ಮ ಬೀದರಿನಲ್ಲೇ ಪಶು ವಿಶ್ವವಿದ್ಯಾಲಯ ಇದೆ. ಮುಧೋಳದ ಹತ್ತಿರ ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರ ಅದರದ್ದೇ. ಇದು ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು? ಕೇಂದ್ರವೇನೋ ಮರಿ ಕೊಡಬಹುದು, ಕೆಲಸ ಎಲ್ಲಿಂದ ಕೊಡುತ್ತದೆ? ಟ್ರ್ಯಾಕ್ಟರ್ ಬಂದ ಮೇಲೆ ದೇವಣಿ ತಳಿಯ ಎತ್ತಿಗೆ ಏನಾಯಿತೋ ಕುರಿನಾಯಿಗೂ ಅದೇ ಆಗುತ್ತಿದೆ. ಗಾಯರಾಣ, ಅಂದ್ರೆ ಊರ ದನಕುರಿ ಮೇಯುವ ಗೋಮಾಳ, ಹೋಗಿ ಲೇಔಟ್ ಆದರೆ ಕುರಿ ಎಲ್ಲಿ ಮೇಯಬೇಕು? ಕುರಿಯೇ ಇಲ್ಲದಿದ್ದರೆ ನಾಯಿ ಏನನ್ನು ಕಾಯಬೇಕು?

ಆಳಂದದ ಸುತ್ತಮುತ್ತ ಗಾಯರಾಣ ಎಷ್ಟು ಉಳಿದಿದೆ, ಸ್ವಲ್ಪ ವಿಚಾರಿಸಿ ಬರೆದು ಕಳಿಸಿ. ಎರಡಲ್ಲ, ನಾಲ್ಕು ಪುಟ ಹಾಳು ಮಾಡುತ್ತೇನೆ.